ಗಾಯಕನ ತಾತ್ಪರ್ಯನಿರ್ಣಯ: ಒಂದು ದಾಸರ ಪದದ ವಿಚಾರ

೧

ಕಾವ್ಯಕ್ಕೆ ಟೀಕೆಯನ್ನು ಬರೆಯುವ ಪಂಡಿತನು ಮೊದಲು ಪದಗಳನ್ನು ಬಿಡಿಸುತ್ತಾನೆ, ಅನ್ವಯವನ್ನು ಹೇಳುತ್ತಾನೆ, ಎರಡರ್ಥ ಹೊರಡುವ ಕಡೆ ಯಾವುದು ಪ್ರಕೃತವೆಂದು ನಿರ್ಣಯಿಸಿ, ಆ ನಿರ್ಣಯಕ್ಕೆ ಕೋಶವನ್ನೋ ವ್ಯಾಕರಣವನ್ನೋ ಸಾಕ್ಷಿಯಾಗಿ ನಿಲ್ಲಿಸುತ್ತಾನೆ. ಇವೆಲ್ಲವೂ ಬರೆವಣಿಗೆಯಲ್ಲಿ ಉಳಿಯುವುದರಿಂದ, ಒಪ್ಪದವನು ಮುಂದೆ ಬಂದು ಖಂಡಿಸುವುದಕ್ಕೆ ಅವಕಾಶವುಂಟು. ಕಚೇರಿಗೆ ಸಿದ್ಧನಾಗುವ ಗಾಯಕನೂ ಇದೇ ಕೆಲಸವನ್ನು ಮಾಡುತ್ತಾನೆ. ಕೃತಿಯನ್ನು ಯಾವ ಕಾಲಪ್ರಮಾಣದಲ್ಲಿ ಎತ್ತಿಕೊಳ್ಳಬೇಕು, ಯಾವ ಮಾತಿನ ಮೇಲೆ ನಿಲ್ಲಬೇಕು, ಯಾವ ಸಾಲನ್ನು ನೆರವಲಿಗೆ ಆರಿಸಬೇಕು, ಎಷ್ಟು ಚರಣಗಳನ್ನು ಹಾಡಿ ಎಷ್ಟನ್ನು ಬಿಡಬೇಕು ಎಂಬಿವುಗಳಲ್ಲಿ ಒಂದೊಂದೂ ಅರ್ಥನಿರ್ಣಯವೇ. ಆದರೆ ಅವನು ತನ್ನ ನಿರ್ಣಯವನ್ನು ಬರೆಯುವುದಿಲ್ಲ, ಹಾಡುತ್ತಾನೆ. ಕೇಳುವವರು ತಲೆದೂಗಿ ಮನೆಗೆ ಹೋಗುತ್ತಾರೆ. ಶಾರೀರ ಹೇಗಿತ್ತು, ರಾಗಾಲಾಪನೆ ಹೇಗಿತ್ತು, ಲಯ ಹೇಗಿತ್ತು ಎಂದು ವಿಮರ್ಶಿಸುವವರು ಉಂಟು. ಅವನು ಪದ್ಯಕ್ಕೆ ಹೇಳಿದ ಅರ್ಥ ಸರಿಯೇ ಎಂದು ಕೇಳುವವರು ವಿರಳ.

ಈ ಕೇಳದಿರುವಿಕೆಯ ದೋಷದಲ್ಲಿ ಸಾಹಿತ್ಯವನ್ನು ಪಾಠ ಹೇಳುವ ನಮಗೂ ಪಾಲುಂಟು. ಹರಿದಾಸರ ಪದಗಳನ್ನು ನಾವು ಪಠ್ಯಪುಸ್ತಕದಲ್ಲಿ ಅಚ್ಚು ಮಾಡಿ, ಭಕ್ತಿಪಂಥದ ಚರಿತ್ರೆಯನ್ನು ಹೇಳಿ, ಅಂಕಿತವನ್ನು ಗುರುತಿಸಿ ಮುಗಿಸುತ್ತೇವೆ. ಉಳಿದುದು ಸಂಗೀತಗಾರರ ಕೆಲಸವೆಂದು ಬಿಟ್ಟಿದ್ದೇವೆ. ಅವರಾದರೋ ಅರ್ಥವು ಪಂಡಿತರ ಕೆಲಸವೆಂದು ಬಿಟ್ಟಿರುತ್ತಾರೆ. ಎರಡು ಮನೆಯ ನಡುವೆ ಪದವು ಬೀದಿಯಲ್ಲಿ ನಿಂತಿದೆ. ಪ್ರಕೃತ ಲೇಖನದಲ್ಲಿ ಒಂದೇ ಒಂದು ಪದವನ್ನು ಹಿಡಿದು, ಅದನ್ನು ಹಾಡಲು ಸಿದ್ಧನಾಗುವವನು ನಿರ್ಣಯಿಸಬೇಕಾದ ಸಂಗತಿಗಳಾವುವು, ಅವನ್ನು ನಿರ್ಣಯಿಸಲು ಪ್ರಮಾಣವಾವುದು ಎಂಬುದನ್ನು ವಿಚಾರಿಸುವೆನು. ಆ ಪದವು ವ್ಯಾಸರಾಯರದೆಂದು ಪ್ರಸಿದ್ಧವಾದ 'ಕೃಷ್ಣಾ ನೀ ಬೇಗನೆ ಬಾರೋ' ಎಂಬುದು. ಕನ್ನಡಿಗರಲ್ಲಿ ಇದನ್ನು ಕೇಳದವರಿಲ್ಲ. ಕನ್ನಡವನ್ನರಿಯದ ದೇಶಗಳಲ್ಲಿಯೂ ಇದನ್ನು ಹಾಡುತ್ತಾರೆ.

೨

ಮೊದಲು ಗಾಯಕನಿಗಿರುವ ಪ್ರಮಾಣಗಳನ್ನು ಎಣಿಸೋಣ. ಗುರುಮುಖದಿಂದ ಬಂದ ಪಾಠಾಂತರವು ಮೊದಲನೆಯದು. ಪಾಠಾಂತರವೆಂದರೆ ಗ್ರಂಥಸಂಪಾದಕರಾದ ನಮಗೆ ಮೂಲದಿಂದ ಬೇರೆಯಾದ ಪಾಠ. ಸಂಗೀತಗಾರರಿಗೆ ತಮ್ಮ ಪರಂಪರೆಯಲ್ಲಿ ನಡೆದು ಬಂದ ಪಾಠ. ಒಂದೇ ಶಬ್ದವು ನಮ್ಮಲ್ಲಿ ಸಂದೇಹವನ್ನೂ ಅವರಲ್ಲಿ ನಂಬುಗೆಯನ್ನೂ ಸೂಚಿಸುವುದು ಗಮನಾರ್ಹ. ಎರಡನೆಯದು ಸ್ವರಲಿಪಿಯಿಂದ ಕೂಡಿದ ಗ್ರಂಥ. ಮೂರನೆಯದು ಲಕ್ಷಣಶಾಸ್ತ್ರ. ನಾಲ್ಕನೆಯದು ಗಾಯಕನ ಮನೋಧರ್ಮ. ಇವು ಒಂದಕ್ಕೊಂದು ವಿರೋಧಿಸಿದಾಗ ಯಾವುದಕ್ಕೆ ಬಲ?

ಈ ವಿರೋಧವು ಕಲ್ಪಿತವಲ್ಲ. ತ್ಯಾಗರಾಜರ 'ನಗುಮೋಮು' ಕೃತಿಯನ್ನು ನೋಡಬಹುದು. ಅದರ ರಾಗವು ಆಭೇರಿಯೆಂದು ಪ್ರಸಿದ್ಧಿ. ಮುತ್ತುಸ್ವಾಮಿ ದೀಕ್ಷಿತರ ಸಂಪ್ರದಾಯದ ಆಭೇರಿಗೆ ಶುದ್ಧಧೈವತ. ಈಗ ಕಚೇರಿಗಳಲ್ಲಿ ಕೇಳಿಬರುವ ನಗುಮೋಮುವಿಗೆ ಚತುಶ್ರುತಿಧೈವತ. ಲಕ್ಷಣವನ್ನು ಹಿಡಿದರೆ ಪ್ರಯೋಗಕ್ಕೆ ಭಂಗ. ಪ್ರಯೋಗವನ್ನು ಹಿಡಿದರೆ ರಾಗದ ಹೆಸರಿಗೆ ಭಂಗ. ಇಲ್ಲಿ ಬಹುಮಂದಿ ಗಾಯಕರು ಪ್ರಯೋಗದ ಪಕ್ಷವನ್ನು ಹಿಡಿದರು. ವ್ಯಾಕರಣಕ್ಕಿಂತ ಲೋಕಪ್ರಯೋಗವು ಮುಂದೆ ನಡೆಯುವುದೆಂದು ಬಲ್ಲ ನಮಗೆ ಇದು ಆಶ್ಚರ್ಯವಲ್ಲ.

ಸ್ವರಲಿಪಿಯಾದರೂ ಎಲ್ಲವನ್ನೂ ಹೇಳಲಾರದು. ಸುಬ್ಬರಾಮ ದೀಕ್ಷಿತರು ೧೯೦೪ರಲ್ಲಿ ಎಟ್ಟಯಾಪುರದಲ್ಲಿ ತೆಲುಗು ಲಿಪಿಯಲ್ಲಿ ಪ್ರಕಟಿಸಿದ ಸಂಗೀತಸಂಪ್ರದಾಯಪ್ರದರ್ಶಿನಿಯು ಗಮಕಗಳಿಗೂ ಬೇರೆ ಬೇರೆ ಚಿಹ್ನೆಗಳನ್ನು ಕೊಟ್ಟಿರುವ ಮಹಾಗ್ರಂಥ. ಆ ಚಿಹ್ನೆಗಳು ಧ್ವನಿಯು ಎಲ್ಲಿ ಕಂಪಿಸಬೇಕೆಂಬುದನ್ನು ಹೇಳುತ್ತವೆ. ಏತಕ್ಕೆ ಕಂಪಿಸಬೇಕೆಂಬುದನ್ನು ಹೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರವಿರುವುದು ಸಾಹಿತ್ಯದಲ್ಲಿ.

ದಾಸರ ಪದಗಳಲ್ಲಿ ಕಷ್ಟವು ಇನ್ನೂ ಹೆಚ್ಚು. ವ್ಯಾಸರಾಯರ ಕಾಲವು ೧೪೬೦ರಿಂದ ೧೫೩೯ರ ವರೆಗೆ. ಅವರ ಪದವನ್ನು ನಾವು ಇಂದು ಯಮುನಾಕಲ್ಯಾಣಿ ರಾಗದಲ್ಲಿ, ಮಿಶ್ರಛಾಪು ತಾಳದಲ್ಲಿ ಕೇಳುತ್ತೇವೆ. ಈ ವರ್ಣಮೆಟ್ಟು ಅವರ ಕಾಲದ್ದೆನ್ನಲು ಬರೆದಿಟ್ಟ ಆಧಾರವಿಲ್ಲ. ಪದವು ಕವಿಯದು, ಹಾಡಿಕೆ ಪರಂಪರೆಯದು. ಹೀಗಿರುವಾಗ ರಾಗವನ್ನು ಆರಿಸಿದವನೇ ಈ ಪದದ ಮೊದಲ ವ್ಯಾಖ್ಯಾನಕಾರ. ಇಂದು ಅದನ್ನು ಹಾಡುವವನು ಆ ವ್ಯಾಖ್ಯಾನಕ್ಕೆ ಟಿಪ್ಪಣಿ ಬರೆಯುವವನು.

೩

ಈ ವಿಚಾರವು ನನ್ನ ಮನಸ್ಸಿಗೆ ಬಂದ ಬಗೆಯನ್ನು ಸಂಕೋಚವಿಲ್ಲದೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ಯುವಕರಾದ ಒಬ್ಬ ಗಾಯಕರು ಪುಸ್ತಕವನ್ನು ಕೈಯಲ್ಲಿ ಹಿಡಿದು ನನ್ನ ಮನೆಗೆ ಬಂದರು. ಮುಂದಿನ ಕಚೇರಿಗೆ ಈ ಪದವನ್ನು ಸಿದ್ಧಪಡಿಸುತ್ತಿದ್ದರು. "ಶಾಸ್ತ್ರಿಗಳೇ, ಇದು ಯಶೋದೆಯ ಮಾತೋ ಭಕ್ತನ ಮಾತೋ, ಅಪ್ಪಣೆಯಾಗಬೇಕು. ಅದು ತಿಳಿಯದೆ ನನಗೆ ಬಾಯಿ ಬಿಡಲು ಆಗುತ್ತಿಲ್ಲ" ಎಂದರು. ನಾನು ಆಲೋಚಿಸದೆ ಉತ್ತರ ಕೊಟ್ಟೆನು. ಇದು ವಾತ್ಸಲ್ಯಪ್ರಧಾನವಾದ ಪದ. ತಾಯಿ ಮಗುವನ್ನು ಕರೆಯುತ್ತಾಳೆ. ಕೊನೆಯ ಚರಣದಲ್ಲಿ ಬರುವ ಮಹಿಮೆಯು ಅಂಕಿತಕ್ಕಾಗಿ ಸೇರಿದ್ದು, ಕಾಲಾವಕಾಶವಿಲ್ಲದಿದ್ದರೆ ಅದನ್ನು ಬಿಡಬಹುದು, ಎಂದು ಹೇಳಿ ಕಳುಹಿಸಿದೆನು. ಅವರು ಹಾಗೆಯೇ ಹಾಡಿದರು. ಜನರು ಮೆಚ್ಚಿದರು. ಕೆಲವು ದಿನಗಳ ಮೇಲೆ ಅವರು ಪುನಃ ಬಂದು, "ತಾವು ಹೇಳಿದಂತೆ ಮಾಡಿದೆ. ಆದರೆ ಕೊನೆಯ ಚರಣವನ್ನು ಬಿಟ್ಟ ಮೇಲೆ ಪಲ್ಲವಿಗೆ ಹಿಂದಿರುಗಲು ಕಾರಣವೇ ಕಾಣಲಿಲ್ಲ. ಹಿಂದಿರುಗಿದೆ, ಪದ್ಧತಿಯಿರುವುದರಿಂದ" ಎಂದರು.

ಆ ಮಾತು ನನ್ನನ್ನು ನಾಟಿತು. ಮೂವತ್ತು ವರ್ಷಗಳಿಂದ ಉಪಕ್ರಮೋಪಸಂಹಾರಗಳ ಪಾಠವನ್ನು ಹೇಳುತ್ತಿದ್ದವನು, ಒಂದು ಪದದ ಉಪಸಂಹಾರವನ್ನೇ ಕತ್ತರಿಸಲು ಅಪ್ಪಣೆ ಕೊಟ್ಟಿದ್ದೆನು. ಗಾಯಕರ ಕಂಠವು ಕಂಡುಕೊಂಡ ಕೊರತೆಯನ್ನು ನನ್ನ ಶಾಸ್ತ್ರವು ಕಂಡಿರಲಿಲ್ಲ. ಮುಂದೆ ಹೇಳುವುದು ಆ ತಪ್ಪಿಗೆ ಪ್ರಾಯಶ್ಚಿತ್ತ.

೪

ವಾಕ್ಯರಾಶಿಯ ತಾತ್ಪರ್ಯವನ್ನು ನಿರ್ಣಯಿಸಲು ನಮ್ಮ ಪೂರ್ವಿಕರು ಆರು ಲಿಂಗಗಳನ್ನು ಹೇಳಿದ್ದಾರೆ: ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಶ್ರುತಿವಾಕ್ಯಗಳಿಗಾಗಿ ಏರ್ಪಟ್ಟ ಈ ಕ್ರಮವನ್ನು ಪದಕ್ಕೆ ಅನ್ವಯಿಸುವುದು ಅತಿಪ್ರಸಂಗವೆಂದು ಕೆಲವರು ಶಂಕಿಸಬಹುದು. ಪದವನ್ನು ಕಟ್ಟಿದವರು ಯಾರೆಂಬುದನ್ನು ನೆನೆದರೆ ಶಂಕೆ ನಿಲ್ಲುವುದಿಲ್ಲ. ನ್ಯಾಯಾಮೃತವನ್ನೂ ತಾತ್ಪರ್ಯಚಂದ್ರಿಕೆಯನ್ನೂ ತರ್ಕತಾಂಡವವನ್ನೂ ಬರೆದ ಆ ಮಹನೀಯರಿಗೆ ಈ ಆರು ಲಿಂಗಗಳು ನಿತ್ಯದ ಆಯುಧಗಳಾಗಿದ್ದುವು. ಅಷ್ಟೇ ಅಲ್ಲ. ಉಪಕ್ರಮಕ್ಕೂ ಉಪಸಂಹಾರಕ್ಕೂ ವಿರೋಧ ಬಂದಲ್ಲಿ ಯಾವುದು ಪ್ರಬಲವೆಂಬ ವಾದದಲ್ಲಿ ವ್ಯಾಸರಾಯರದು ಉಪಸಂಹಾರದ ಪಕ್ಷ. ಇದನ್ನು ಖಂಡಿಸುವುದಕ್ಕಾಗಿಯೇ ಅಪ್ಪಯ್ಯದೀಕ್ಷಿತರು ಉಪಕ್ರಮಪರಾಕ್ರಮವೆಂಬ ಗ್ರಂಥವನ್ನು ಬರೆದರು. ಅದಕ್ಕೆ ಉತ್ತರವಾಗಿ ವ್ಯಾಸರಾಯರ ಶಿಷ್ಯರಾದ ವಿಜಯೀಂದ್ರರು ಉಪಸಂಹಾರವಿಜಯವನ್ನು ಬರೆದರು. ಕೊನೆಯ ಮಾತಿಗೆ ಇಷ್ಟು ಬಲವನ್ನು ಕೊಟ್ಟವರ ಪದದಲ್ಲಿ ಕೊನೆಯ ಚರಣವನ್ನು ಬಿಡಬಹುದೆಂದ ನನ್ನ ಸಲಹೆ ಎಂತಹುದೆಂದು ವಾಚಕರೇ ಊಹಿಸಬಹುದು.

ಈಗ ಪದವನ್ನು ನೋಡೋಣ. ಪಲ್ಲವಿಯಲ್ಲಿ ಕೃಷ್ಣನು ಬೇಗ ಬರಬೇಕೆಂಬ ಕರೆ. ಅದನ್ನನುಸರಿಸಿ, ಬಂದು ಮುಖವನ್ನು ತೋರಬೇಕೆಂಬ ಬೇಡಿಕೆ. ಮುಂದಿನ ಚರಣಗಳಲ್ಲಿ ಅವನ ಅಲಂಕಾರ: ಕಾಲಿನ ಗೆಜ್ಜೆ, ನೀಲದ ಒಡವೆ, ನಡುವಿನ ಕಿರುಗೆಜ್ಜೆ, ಬೆರಳಿನ ಉಂಗುರ, ಕೊರಳಿನ ವೈಜಯಂತಿ, ಪೀತಾಂಬರ, ಕೊಳಲು, ಮೈಗೆ ಪೂಸಿದ ಗಂಧ. ಕೊನೆಯ ಚರಣದಲ್ಲಿ, ಬಾಯೊಳಗೆ ಬ್ರಹ್ಮಾಂಡವನ್ನು ಕಂಡ ತಾಯಿಯ ಪ್ರಸಂಗವೂ ಉಡುಪಿಯ ಹೆಸರೂ ಬರುತ್ತವೆ.

ಮೇಲುನೋಟಕ್ಕೆ ಇದು ಕರೆ, ಅಲಂಕಾರವರ್ಣನೆ, ಮಹಿಮೆ ಎಂಬ ಮೂರು ಬಿಡಿ ಸಂಗತಿಗಳ ಜೋಡಣೆ. ಎರಡು ಅಂಶಗಳನ್ನು ಗಮನಿಸಿದರೆ ಹಾಗಲ್ಲವೆಂದು ತಿಳಿಯುತ್ತದೆ.

ಒಂದನೆಯದು ವರ್ಣನೆಯ ಕ್ರಮ. ಮನುಷ್ಯರನ್ನು ಮುಡಿಯಿಂದ ಅಡಿಗೆ, ದೇವತೆಗಳನ್ನು ಅಡಿಯಿಂದ ಮುಡಿಗೆ ವರ್ಣಿಸಬೇಕೆಂಬುದು ಕವಿಸಮಯ. ಕುಮಾರಸಂಭವದಲ್ಲಿ ಕಾಳಿದಾಸನು ಪಾರ್ವತಿಯ ವರ್ಣನೆಯನ್ನು ಪಾದದಿಂದ ಆರಂಭಿಸುವ ಕಡೆ ಮಲ್ಲಿನಾಥನು ಈ ನಿಯಮವನ್ನು ಎತ್ತಿ ಹೇಳಿದ್ದಾನೆ. ನಮ್ಮ ಪದವೂ ಕಾಲಿನ ಗೆಜ್ಜೆಯಿಂದ ಹೊರಟು ಬಾಯಿಯಲ್ಲಿ ನಿಲ್ಲುತ್ತದೆ. ನಡುವೆ ಕೈಯ ಮತ್ತು ಉಡುಗೆಯ ಮಾತುಗಳು ಬಂದು ಕ್ರಮವು ಸ್ವಲ್ಪ ಕದಲುವುದು ನಿಜ. ಪದವು ಮಹಾಕಾವ್ಯದ ಸರ್ಗವಲ್ಲ. ಆದರೂ ಮೊದಲು ಅಡಿ, ಕೊನೆಗೆ ಮುಖವೆಂಬುದು ಆಕಸ್ಮಿಕವೆನ್ನಲಾಗದು. ಎಂದರೆ ತಾಯಿ ಮಗುವನ್ನು ಕರೆಯುವಂತೆ ತೋರುವ ಮೊದಲ ಚರಣದಲ್ಲಿಯೇ ಕವಿಯು ಅದನ್ನು ದೇವತೆಯೆಂದು ಎಣಿಸಿ ಅಡಿಯಿಂದ ನೋಡಲು ತೊಡಗಿದ್ದಾನೆ. ಕರೆಯುವವಳಿಗೆ ಅದು ಇನ್ನೂ ತಿಳಿದಿಲ್ಲ, ಕವಿಗೆ ತಿಳಿದಿದೆ.

ಎರಡನೆಯದು ಮುಖಶಬ್ದ. ಅಮರಸಿಂಹನು ವಕ್ತ್ರ, ಆಸ್ಯ, ವದನ, ಆನನಗಳೊಡನೆ ಮುಖವನ್ನು ಒಂದೇ ಗುಂಪಿನಲ್ಲಿ ಹೇಳುತ್ತಾನೆ. ಸಂಸ್ಕೃತದಲ್ಲಿ ಮುಖವೆಂದರೆ ಮೋರೆಯೂ ಹೌದು, ಬಾಯಿಯೂ ಹೌದು. ಮೊದಲಿನಲ್ಲಿ ಬೇಡಿದ್ದು ಮುಖವನ್ನು ತೋರೆಂದು. ಕೊನೆಯಲ್ಲಿ ಅವನು ತೋರಿದ್ದು ಬಾಯಿಯಲ್ಲಿ ಲೋಕವನ್ನು. ಎರಡು ಕಡೆಯೂ ಕ್ರಿಯೆ ತೋರುವುದೇ. ತಾಯಿಯು ಮಗುವಿನ ಮೋರೆಯನ್ನು ಬೇಡಿದಳು. ದೊರೆತುದು ಬೇಡದಿದ್ದ ದರ್ಶನ. ಉಪಕ್ರಮದ ಯಾಚನೆಗೆ ಉಪಸಂಹಾರವು ಫಲ. ಆ ಫಲವನ್ನು ಕಂಡ ಮೇಲೆ ಪುನಃ ಪಲ್ಲವಿಗೆ ಬಂದರೆ, ಕರೆಯುವವಳು ಈಗ ತಾಯಿಯೊಬ್ಬಳೇ ಅಲ್ಲ. ಆ ಚರಣದಲ್ಲಿ ತಾಯಿಯು ಪ್ರಥಮಪುರುಷದಲ್ಲಿ ಬಂದಿದ್ದಾಳೆ; ಹಾಡುವವನು ಅವಳನ್ನು ಹೊರಗಿನಿಂದ ನೋಡುತ್ತಿದ್ದಾನೆ. ಉಡುಪಿಯ ಹೆಸರು ಬಂದೊಡನೆ ಸ್ಥಳವೂ ಗೋಕುಲದಿಂದ ನಮ್ಮ ಕರಾವಳಿಗೆ ಬಂದಿತು. ಅದೇ ಪಲ್ಲವಿ, ಅದೇ ಸ್ವರ, ಅದೇ ಅಕ್ಷರ, ಕರೆಯುವವನು ಭಕ್ತ. ಇದೇ ಆ ಯುವಕ ಗಾಯಕರು ಹುಡುಕುತ್ತಿದ್ದ, ಪಲ್ಲವಿಗೆ ಹಿಂದಿರುಗುವ ಕಾರಣ.

೫

ಯಶೋದೆಯ ಮಾತೋ ಭಕ್ತನ ಮಾತೋ ಎಂಬ ಪ್ರಶ್ನೆಗೆ ಹೀಗೆ ಉತ್ತರವು ದೊರೆಯುತ್ತದೆ: ಮೊದಲು ಅವಳದು, ಕೊನೆಗೆ ಇವನದು. ಈ ದಾಟುವಿಕೆಯು ಕನ್ನಡದಲ್ಲಿ ಅನಾಯಾಸವಾಗಿ ಸಾಧ್ಯವಾದುದಕ್ಕೆ ಭಾಷೆಯೇ ಕಾರಣ. ಹಿರಿಯರನ್ನೂ ಅಪರಿಚಿತರನ್ನೂ ನಾವು ಬಹುವಚನದಿಂದ ಕರೆಯುತ್ತೇವೆ. ಏಕವಚನದಲ್ಲಿ ಸಲಿಗೆಯಿಂದ ಕರೆಯುವುದು ಮನೆಯ ಮಗುವನ್ನು, ಹಾಗೆಯೇ ದೇವರನ್ನು. 'ನೀ' ಎಂಬ ಸರ್ವನಾಮವೂ 'ಬಾರೋ' ಎಂಬ ಕ್ರಿಯೆಯೂ ತೊಟ್ಟಿಲ ಬಳಿ ಎಷ್ಟು ಸಹಜವೋ ಗರ್ಭಗುಡಿಯ ಮುಂದೆಯೂ ಅಷ್ಟೇ ಸಹಜ. ಎರಡು ಭಾವಗಳೂ ಒಂದೇ ರೂಪದಲ್ಲಿ ಸಂಧಿಸುವ ಈ ಬಿಂದುವಿನ ಮೇಲೆ ಪದವೆಲ್ಲವೂ ನಿಂತಿದೆ.

ಇನ್ನು ಕಾಲಪ್ರಮಾಣದ ವಿಚಾರ. ಇಲ್ಲಿ ಒಂದು ಶಂಕೆ. ಮಾತಿನ ಅರ್ಥವು ಬೇಗ ಬಾರೆಂದು, ಹಾಡುವುದಾದರೋ ಸಾವಕಾಶವಾಗಿ. ಅರ್ಥಕ್ಕೂ ಗಾನಕ್ಕೂ ವಿರೋಧವಲ್ಲವೆ? ಅರ್ಥವನ್ನನುಸರಿಸಿ ಇದನ್ನು ದ್ರುತದಲ್ಲಿ ಹಾಡಬೇಕಲ್ಲವೆ?

ಪರಿಹಾರ ಹೀಗೆ. ದ್ರುತದಲ್ಲಿ ಹಾಡಿದರೆ ವಾಚ್ಯಾರ್ಥವು ಮಾತ್ರ ಹಾಡಿದಂತಾಗುತ್ತದೆ. ಬೇಗ ಬಾ ಎಂದು ಕರೆದೊಡನೆ ಬರುವ ಮಗುವನ್ನು ಮತ್ತೆ ಮತ್ತೆ ಕರೆಯಬೇಕಾಗಿಲ್ಲ. ಈ ಕರೆಯು ಮರುಕಳಿಸುತ್ತಲೇ ಇರುವುದರಿಂದ, ಬರುವವನು ತಡಮಾಡುತ್ತಿದ್ದಾನೆಂಬುದು ವ್ಯಂಗ್ಯ. ಅವಸರವು ಕರೆಯುವವಳ ಮಾತಿನಲ್ಲಿದೆ. ಸಾವಕಾಶವು ಕರೆಸಿಕೊಳ್ಳುವವನ ನಡೆಯಲ್ಲಿದೆ. ವಿಲಂಬಕಾಲದಲ್ಲಿ ಹಾಡುವಾಗ ಮಾತು ಅವಳದು, ಕಾಲ ಅವನದು. ಎರಡನ್ನೂ ಒಟ್ಟಿಗೆ ಕೇಳಿಸಬಲ್ಲುದು ಗಾನ ಮಾತ್ರವೇ. ಕಾಗದದ ಮೇಲಿನ ಪದಕ್ಕೆ ಈ ಶಕ್ತಿಯಿಲ್ಲ. ಆದುದರಿಂದ ಪರಂಪರೆಯು ಇಲ್ಲಿ ಮಾಡಿರುವ ನಿರ್ಣಯವು ಸಾಧುವೆಂದೇ ನನ್ನ ಮತ.

ಆದರೆ ವಿಲಂಬಕ್ಕೆ ಒಂದು ಮೇರೆಯುಂಟು. 'ಬೇಗನೆ' ಎಂಬುದು ಒಂದು ಗುರು ಎರಡು ಲಘುಗಳಿಂದಾದ ಭಗಣ. ಆ ಎರಡು ಲಘುಗಳಲ್ಲಿಯೇ ಮಾತಿನ ಬೇಗವಿರುವುದು. ಕೆಲವರು 'ನೆ' ಎಂಬಲ್ಲಿ ನಿಂತು ಅದನ್ನು ದೀರ್ಘವಾಗಿ ಎಳೆಯುತ್ತಾರೆ. ಆಗ ಕನ್ನಡಿಗನ ಕಿವಿಗೆ ಮಾತೇ ಮುರಿದಂತಾಗುತ್ತದೆ. ಹಾಗಾದರೆ ಕಾರ್ವೆಯನ್ನು ಎಲ್ಲಿ ಇಡಬೇಕು? ವ್ಯಾಕರಣವು ಉತ್ತರವನ್ನು ಕೊಡುತ್ತದೆ. ದೂರದಲ್ಲಿರುವವನನ್ನು ಕೂಗುವಾಗ ವಾಕ್ಯದ ಕೊನೆಯ ಸ್ವರವು ಪ್ಲುತವಾಗುವುದೆಂದು ಪಾಣಿನಿಯು ಅಷ್ಟಾಧ್ಯಾಯಿಯ ಎಂಟನೆಯ ಅಧ್ಯಾಯದಲ್ಲಿ ವಿಧಿಸಿದ್ದಾನೆ. ನಮ್ಮ ಹಳ್ಳಿಗಳಲ್ಲಿ ಸಂಜೆ ಮಕ್ಕಳನ್ನು ಮನೆಗೆ ಕರೆಯುವ ತಾಯಂದಿರು ಪಾಣಿನಿಯನ್ನು ಓದದೆಯೇ ಈ ವಿಧಿಯನ್ನು ಪಾಲಿಸುತ್ತಾರೆ. ಕೃಷ್ಣಾ ಎಂಬ ಸಂಬೋಧನೆಯ ಕೊನೆಯ ಆಕಾರವೂ ಬಾರೋ ಎಂಬುದರ ಓಕಾರವೂ ಎಷ್ಟು ಎಳೆದರೂ ಕೆಡುವುದಿಲ್ಲ. ಎಳೆದಷ್ಟೂ ದೂರವು ತೋರುತ್ತದೆ. ಗಾಯಕನು ತನ್ನ ಗಮಕಗಳನ್ನೂ ಸಂಗತಿಗಳನ್ನೂ ಈ ಎರಡು ಕಡೆ ಕಟ್ಟಿಕೊಂಡು, ನಡುವಿನ ಲಘುಗಳನ್ನು ಲಘುವಾಗಿಯೇ ಬಿಟ್ಟರೆ, ವಿಲಂಬವೂ ಉಳಿಯುತ್ತದೆ, ಮಾತೂ ಉಳಿಯುತ್ತದೆ.

ರಾಗದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಯಮುನಾಕಲ್ಯಾಣಿಯಲ್ಲಿ ಪ್ರತಿಮಧ್ಯಮದೊಡನೆ ಶುದ್ಧಮಧ್ಯಮವೂ ಸುಳಿಯುತ್ತದೆ. ಆ ಸುಳಿವು ಈ ಪದದಲ್ಲಿ ಕೊಂಡಾಟವಾಗಿ ಕೇಳುತ್ತದೆ. ಇದೇ ರಾಗದ ದೀಕ್ಷಿತರ 'ಜಂಬೂಪತೇ' ಕೃತಿಯಲ್ಲಿ ಗಾಂಭೀರ್ಯವೇ ಪ್ರಧಾನ. ಆದುದರಿಂದ ಇಂತಹ ರಾಗಕ್ಕೆ ಇಂತಹ ರಸವೆಂದು ಪಟ್ಟಿ ಹಾಕಿ ಗಾಯಕನ ಕೈಗೆ ಕೊಡುವುದರಿಂದ ಪ್ರಯೋಜನವಿಲ್ಲ. ರಾಗವು ಬಣ್ಣವನ್ನು ಕೊಡುತ್ತದೆ. ಚಿತ್ರವನ್ನು ನಿರ್ಣಯಿಸುವುದು ಸಾಹಿತ್ಯ.

೬

ಮೂರನೆಯ ವಿಚಾರವು ಅಭ್ಯಾಸ, ಎಂದರೆ ಪುನರುಕ್ತಿ. ಕಾವ್ಯದಲ್ಲಿ ಪುನರುಕ್ತಿಯು ದೋಷ. ತಾತ್ಪರ್ಯನಿರ್ಣಯದಲ್ಲಿ ಅದು ಲಿಂಗ. ಗಾನದಲ್ಲಿ ಅದೇ ಶರೀರ. ಪ್ರತಿ ಚರಣವೂ ಮುಗಿದೊಡನೆ ಪಲ್ಲವಿಯು ಬರುತ್ತದೆ. ಅದನ್ನು ಪ್ರತಿಸಲವೂ ಒಂದೇ ಬಗೆಯಲ್ಲಿ ಹಾಡುವವನು ಪದವನ್ನು ಕಂಠಪಾಠ ಮಾಡಿದವನು. ಹಿಂದಿನ ಚರಣದ ಅರ್ಥವನ್ನು ಹೊತ್ತು ಹಾಡುವವನು ವ್ಯಾಖ್ಯಾನ ಮಾಡಿದವನು. ಗೆಜ್ಜೆಯ ಚರಣದ ಮೇಲೆ ಬರುವ ಬಾರೋ ಆಟಕ್ಕೆ ಕರೆಯುತ್ತದೆ. ವೈಜಯಂತಿಯನ್ನು ಕಂಡ ಮೇಲೆ ಅದರಲ್ಲಿ ಸ್ವಲ್ಪ ವಿಸ್ಮಯವು ಸೇರಬೇಕು. ಬಾಯೊಳಗಿನ ಲೋಕವನ್ನು ಕಂಡ ಮೇಲೆ ಏನು ಸೇರಬೇಕು, ಏನು ಬಿಡಬೇಕು ಎಂಬುದು ಗಾಯಕನ ಸಂಸ್ಕಾರಕ್ಕೆ ಸೇರಿದ್ದು. ಅಲ್ಲಿ ಧ್ವನಿಯನ್ನು ಏರಿಸುವವರುಂಟು. ಇಳಿಸುವುದೇ ಉಚಿತವೆಂದು ನನಗೆ ತೋರುತ್ತದೆ: ದೂರದವನನ್ನು ಕೂಗಿ ಕರೆಯಬೇಕು, ಎದುರಿಗೆ ನಿಂತವನನ್ನು ಕೂಗಬೇಕಾಗಿಲ್ಲ.

ಈ ಅಭ್ಯಾಸದ ಶಕ್ತಿಯನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ನರ್ತಕಿಯರು. ತಮಿಳುನಾಡಿನ ಬಾಲಸರಸ್ವತಿಯವರು (೧೯೧೮-೧೯೮೪) ಈ ಕನ್ನಡ ಪದದ ಅಭಿನಯಕ್ಕೆ ಪ್ರಸಿದ್ಧರಾದರು. ೧೯೭೬ರಲ್ಲಿ ಸತ್ಯಜಿತ್ ರಾಯರು ಅವರನ್ನು ಕುರಿತು ತೆಗೆದ 'ಬಾಲಾ' ಎಂಬ ಚಿತ್ರದಲ್ಲಿ, ಸಮುದ್ರತೀರದಲ್ಲಿ ಅವರು ಇದನ್ನು ಅಭಿನಯಿಸುವುದನ್ನು ನೋಡಬಹುದು. ಒಂದೇ ಸಾಲು ಪುನಃ ಪುನಃ ಬರುತ್ತದೆ. ಕೈ, ಕಣ್ಣು, ಮೋರೆಗಳು ಪ್ರತಿಸಲವೂ ಬೇರೊಂದು ಅರ್ಥವನ್ನು ಹೇಳುತ್ತವೆ. ಅಭಿನಯದಲ್ಲಿ ಸಂಚಾರಿಯೆಂದು ಕರೆಯುವ ಈ ವಿಸ್ತಾರವು ಗಾಯಕನ ನೆರವಲಿನ ಒಡಹುಟ್ಟು. ಕನ್ನಡವು ಮನೆಮಾತಲ್ಲದವರು ನಮ್ಮ ಪದಕ್ಕೆ ಮಾಡಿದ ಈ ಟೀಕೆಯು, ನಾವು ಪಾಠಶಾಲೆಯಲ್ಲಿ ಹೇಳುವ ಅರ್ಥಕ್ಕಿಂತ ಎಷ್ಟೋ ತುಂಬಿದ್ದೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ.

೭

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು.

ಗಾನವು ನಾದಪ್ರಧಾನ, ಸಾಹಿತ್ಯವು ಅದಕ್ಕೆ ಊರೆಗೋಲು ಮಾತ್ರ, ಅರ್ಥವನ್ನರಿಯದವನೂ ಗಾನದಿಂದ ಕರಗುತ್ತಾನೆ, ಎಂಬುದು ಮೊದಲನೆಯದು. ಇದು ತಳ್ಳಿಹಾಕತಕ್ಕ ಮಾತಲ್ಲ. ಗೀತಶಬ್ದಗಳು ವಾಚ್ಯಾರ್ಥದ ನೆರವಿಲ್ಲದೆಯೇ ರಸವನ್ನು ವ್ಯಂಜಿಸಬಲ್ಲುವೆಂದು ಆನಂದವರ್ಧನನೇ ಧ್ವನ್ಯಾಲೋಕದಲ್ಲಿ ಒಪ್ಪಿದ್ದಾನೆ. ಆದರೆ ವಾಚ್ಯವಿಲ್ಲದ ಆಲಾಪನೆಯ ಮಾತು ಬೇರೆ, ವಾಚ್ಯವನ್ನು ಬಾಯಿಂದ ನುಡಿಯುತ್ತ ಅದನ್ನು ಕಡೆಗಣಿಸುವ ಮಾತು ಬೇರೆ. ವೀಣೆಯನ್ನೇ ನೋಡಿರಿ. ವೈಣಿಕನು ಒಂದಕ್ಷರವನ್ನೂ ನುಡಿಯುವುದಿಲ್ಲ. ಆದರೂ ಕೃತಿಯನ್ನು ನುಡಿಸುವಾಗ ಅವನ ಮೀಟು ಸಾಹಿತ್ಯಾಕ್ಷರಗಳನ್ನು ಅನುಸರಿಸುತ್ತದೆ. ಮಾತಿಲ್ಲದ ವಾದ್ಯವೇ ಮಾತಿಗೆ ಇಷ್ಟು ವಿಧೇಯವಾಗಿರುವಾಗ, ಮಾತನಾಡುವ ಕಂಠಕ್ಕೆ ಸ್ವೇಚ್ಛೆಯು ಸಲ್ಲದು.

ಎರಡನೆಯ ಆಕ್ಷೇಪವು ಕಚೇರಿಯ ಏರ್ಪಾಡಿಗೆ ಸಂಬಂಧಿಸಿದ್ದು. ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರ (೧೮೯೦-೧೯೬೭) ಕಾಲದಿಂದ ನೆಲೆಗೊಂಡ ಪದ್ಧತಿಯಲ್ಲಿ ವರ್ಣದಿಂದ ಆರಂಭ, ಬಳಿಕ ಕೃತಿಗಳು, ರಾಗ ತಾನ ಪಲ್ಲವಿ. ದೇವರನಾಮಗಳಿಗೆ ಕೊನೆಯ ಸ್ಥಾನ. ಆ ಹೊತ್ತಿಗೆ ಕೇಳುವವರಲ್ಲಿ ಅರ್ಧಮಂದಿ ಎದ್ದಿರುತ್ತಾರೆ. ಇರುವ ಕೆಲವು ನಿಮಿಷಗಳಲ್ಲಿ ಎಲ್ಲ ಚರಣಗಳನ್ನೂ ಹಾಡಲಾದೀತೆ, ಎಂದು ಗಾಯಕರು ಕೇಳುತ್ತಾರೆ. ಕಷ್ಟವು ನಿಜವಾದುದು. ಆದರೆ ಬಿಡುವುದರಲ್ಲಿಯೂ ವಿವೇಕವುಂಟು. ಈ ಪದದಲ್ಲಿ ನಡುವಿನ ಒಂದು ಚರಣವನ್ನು ಬಿಟ್ಟರೆ ಒಡವೆಯೊಂದು ಕಡಮೆಯಾದೀತು. ಕೊನೆಯದನ್ನು ಬಿಟ್ಟರೆ ಒಡವೆಯನ್ನಿಟ್ಟುಕೊಂಡವನೇ ಇಲ್ಲದಂತಾಗುವನು. ಯಾವುದನ್ನು ಬಿಡಬಹುದೆಂಬುದನ್ನು ಗಡಿಯಾರವು ನಿರ್ಣಯಿಸಬಾರದು, ತಾತ್ಪರ್ಯವು ನಿರ್ಣಯಿಸಬೇಕು. ಇಷ್ಟಕ್ಕೂ ದೇವರನಾಮವು ಕೊನೆಯ ಸ್ಥಾನದಲ್ಲಿಯೇ ಇರಬೇಕೆಂಬ ವಿಧಿಯೇನೂ ಇಲ್ಲ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು (೧೮೬೬-೧೯೩೧) ದೇವರನಾಮಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟವರೆಂದು ನಾಡೆಲ್ಲ ಸ್ಮರಿಸುತ್ತದೆ. ಅವರ ದಾರಿಯು ಮುಚ್ಚಿಹೋಗಿಲ್ಲ.

೮

ಇಷ್ಟು ವಿಚಾರದಿಂದ ಸಿದ್ಧಿಸುವುದೇನೆಂದರೆ, ಗಾಯಕನ ಸ್ವಾತಂತ್ರ್ಯವೂ ಟೀಕಾಕಾರನ ಸ್ವಾತಂತ್ರ್ಯವೂ ಒಂದೇ ಜಾತಿಯವು. ಟೀಕಾಕಾರನು ಹೊಸ ಅರ್ಥವನ್ನು ಹೇಳಬಹುದು, ಮೂಲದಿಂದ ಅದಕ್ಕೆ ಉಪಪತ್ತಿಯನ್ನು ತೋರಿಸಬಲ್ಲನಾದರೆ. ಗಾಯಕನೂ ಪರಂಪರೆಯ ಪಾಠಾಂತರವನ್ನು ಬದಲಿಸಬಹುದು, ಇದೇ ಷರತ್ತಿನ ಮೇಲೆ. ಗುರುವಿನಿಂದ ಬಂದುದೆಂಬ ಒಂದೇ ಕಾರಣಕ್ಕೆ ಅರ್ಥಭಂಗವನ್ನು ಉಳಿಸಿಕೊಳ್ಳುವುದು ಗುರುಭಕ್ತಿಯಲ್ಲ. ನನಗೆ ಹೀಗೆ ತೋರಿತೆಂಬ ಒಂದೇ ಕಾರಣಕ್ಕೆ ಬದಲಿಸುವುದು ಮನೋಧರ್ಮವಲ್ಲ. ಕಾರಣವನ್ನು ಕೇಳಿದಾಗ ಸಾಹಿತ್ಯವನ್ನು ತೋರಿಸಿ ಹೇಳಬಲ್ಲವನೇ ಸಿದ್ಧನಾಗಿ ಬಂದ ಗಾಯಕ.

ನಮ್ಮ ಕಡೆಯಿಂದ ಆಗಬೇಕಾದುದೂ ಉಂಟು. ದಾಸರ ಪದಗಳನ್ನು ಪ್ರಕಟಿಸುವಾಗ ಎಲ್ಲ ಚರಣಗಳನ್ನೂ ಪಾಠಭೇದಗಳೊಡನೆ ಕೊಡತಕ್ಕದ್ದು; ಪದಚ್ಛೇದವನ್ನು ತೋರಿಸತಕ್ಕದ್ದು; ಬಳಕೆಯಿಂದ ಮರೆಯಾದ ಶಬ್ದಗಳಿಗೆ ಅರ್ಥವನ್ನು ಹೇಳತಕ್ಕದ್ದು. ಪದದ ತಲೆಯ ಮೇಲೆ ರಾಗತಾಳಗಳ ಹೆಸರನ್ನು ಅಚ್ಚು ಮಾಡುವಾಗ, ಅದು ಈಗ ಹಾಡುವ ರೂಢಿಯೇ ಹೊರತು ಕವಿಯ ನಿರ್ದೇಶವಲ್ಲವೆಂಬುದನ್ನು ತಿಳಿಸತಕ್ಕದ್ದು. ಪಾಠಶಾಲೆಯಲ್ಲಿ ಪದವನ್ನು ಬೋಧಿಸುವ ಅಧ್ಯಾಪಕರು ಒಂದು ಸಲವಾದರೂ ವಿದ್ಯಾರ್ಥಿಗಳಿಗೆ ಅದನ್ನು ಹಾಡಿ ಕೇಳಿಸಿ, ಇಲ್ಲಿ ಗಾಯಕನು ಏತಕ್ಕೆ ನಿಂತನು, ಇಲ್ಲಿ ಏತಕ್ಕೆ ಹಿಂದಿರುಗಿದನು ಎಂದು ಪ್ರಶ್ನಿಸಬೇಕು. ಬಾಯಿಪಾಠದ ಪ್ರಶ್ನೋತ್ತರಗಳಿಗಿಂತ ಇದರಿಂದ ಹೆಚ್ಚು ಪ್ರಯೋಜನವಾದೀತು.

ಆ ಯುವಕ ಗಾಯಕರು ಈಗ ಈ ಪದವನ್ನು ಹಾಡುವಾಗ ಕೊನೆಯ ಚರಣವನ್ನು ಬಿಡುವುದಿಲ್ಲ. ಕಳೆದ ಸಲ ಕೇಳಿದಾಗ, ಆ ಚರಣ ಮುಗಿದ ಮೇಲೆ ಒಂದು ಆವರ್ತ ಸುಮ್ಮನಿದ್ದು, ಬಳಿಕ ಪಲ್ಲ್ಲವಿಯನ್ನು ಮೆಲ್ಲನೆ ಎತ್ತಿಕೊಂಡರು. ಹೀಗೆ ಮಾಡಿರೆಂದು ನಾನು ಹೇಳಿರಲಿಲ್ಲ. ಆ ಒಂದು ಆವರ್ತದ ಮೌನಕ್ಕೆ ಟೀಕೆ ಬರೆಯಲು ನನಗಿನ್ನೂ ಶಕ್ತಿ ಸಾಲದು. ಇಲ್ಲಿ ಹೇಳಿರುವುದರಲ್ಲಿ ಸಾಧುವಾದುದನ್ನು ಸ್ವೀಕರಿಸಿ, ಸ್ಖಾಲಿತ್ಯಗಳನ್ನು ತಿದ್ದಬೇಕೆಂದು ವಿದ್ವಾಂಸರನ್ನು ಪ್ರಾರ್ಥಿಸುತ್ತೇನೆ.